ಕಟ್ಟಡ ಆಮೇಲೆ ಕಟ್ಟಬಹುದು, ಅಳಿಯಾ



ನಿಮ್ಮ ಆಸ್ಪತ್ರೆ ಆಡಳಿತಗಾರರ ಸಂಘಕ್ಕೆ ನೀನು ಬರೆದ ಐದು ವರ್ಷದ ಯೋಜನೆಯ ಕರಡು ಕೈಸೇರಿತು. ನಿನ್ನ ಸೋದರಮಾವ ಪೂರ್ತಿ ಓದಿದ. ಮೊದಲಿಗೆ ವಿಷನ್, ಮಿಷನ್. ಕೊನೆಗೆ ಸ್ವಂತ ಕಟ್ಟಡದ ಬಣ್ಣದ ನಕ್ಷೆ. ತಾಲ್ಲೂಕು ನರ್ಸಿಂಗ್ ಹೋಮಿನ ಮ್ಯಾನೇಜರನಿಗೆ ಸಂಘ ಏನು ಕಲಿಸುತ್ತದೆ ಎಂಬುದಕ್ಕೆ ಒಂದೇ ಸಾಲು, ಅದೂ ‘ಇತರೆ’ ಎಂಬ ತಲೆಬರಹದ ಕೆಳಗೆ.

ನಿನ್ನ ಮಾವ ಅಂಥದ್ದೇ ಮ್ಯಾನೇಜರ್ ಆಗಿದ್ದವನು. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ಸಹಕಾರ ಸಂಘದ ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಪಟ್ಟಿಯಲ್ಲಿದ್ದ ಆಪರೇಷನ್ನಿಗೆ ನಗದು ಕೊಡಬೇಕಿರಲಿಲ್ಲ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಆಪರೇಷನ್ ಡಾಕ್ಟರಿಗೆ ಗೊತ್ತಿತ್ತು. ಮುಂಗಡ ಒಪ್ಪಿಗೆ ತರಿಸುವುದು, ಕ್ಲೇಮು ಕಳಿಸುವುದು, ದುಡ್ಡು ಬರುವವರೆಗೆ ಔಷಧಿ ಅಂಗಡಿಯವನನ್ನು ಸಮಾಧಾನ ಮಾಡುವುದು, ಇವೆಲ್ಲ ಮಾವನ ಪಾಲು. ಒಪ್ಪಿಗೆ ಫ್ಯಾಕ್ಸಿನಲ್ಲಿ ಬರುತ್ತಿತ್ತು. ಆ ನುಣುಪು ಹಾಳೆಯ ಅಕ್ಷರ ಬೇಸಿಗೆ ಕಳೆಯುವಷ್ಟರಲ್ಲಿ ಮಾಸಿಹೋಗುತ್ತಿತ್ತು. ತಕರಾರು ಬಂದಾಗ ನೋಡಿದರೆ ಫೈಲಿನಲ್ಲಿ ಬಿಳಿ ಕಾಗದ! ಬಂದ ಕೂಡಲೇ ಜೆರಾಕ್ಸ್ ಮಾಡಿಸಿಡಬೇಕೆಂದು ಹೇಳಿಕೊಟ್ಟವನು ಪಕ್ಕದೂರಿನ ಆಸ್ಪತ್ರೆಯ ಮ್ಯಾನೇಜರ್, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತಾ. ಮಾವನಿಗೆ ಗೊತ್ತಿದ್ದ ಸಂಘ ಅದೊಂದೇ.

ಶಿಕಾಗೋದಲ್ಲಿ 1933ರಲ್ಲಿ ನಿಮ್ಮದರಂಥದೇ ಒಂದು ಸಂಘ ಹುಟ್ಟಿತು. ಅದರ ಈಗಿನ ಹೆಸರು ಅಮೆರಿಕನ್ ಕಾಲೇಜ್ ಆಫ್ ಹೆಲ್ತ್‌ಕೇರ್ ಎಕ್ಸಿಕ್ಯುಟಿವ್ಸ್. ಅಲ್ಲಿ ಫೆಲೋ ಆಗಲು ಪರೀಕ್ಷೆ ಬರೆಯಬೇಕು. ಆದ ಮೇಲೂ ಮೂರು ವರ್ಷಕ್ಕೊಮ್ಮೆ ಏನೇನು ಕಲಿತೆವೆಂದು ಲೆಕ್ಕ ಒಪ್ಪಿಸಬೇಕು. ನಿಮ್ಮಲ್ಲಿ? ಚಂದಾ ಕಟ್ಟಿದರೆ ಆಜೀವ ಸದಸ್ಯ, ಒಂದು ಹಾರ, ಒಂದು ಫೋಟೊ.

ಕಟ್ಟಡವೇ ಬೇಡವೆಂದು ಮಾವ ಹೇಳುತ್ತಿಲ್ಲ. ಬಾಡಿಗೆ ಉಳಿಯುತ್ತದೆ, ಕಾಯಂ ವಿಳಾಸ ಸಿಗುತ್ತದೆ, ನಿಜ. ಅದಕ್ಕಾಗಿ ಇರುವ ಠೇವಣಿಯನ್ನೆಲ್ಲ ಮುರಿದರೆ ತರಬೇತಿಗೆ ಕಾಸೆಲ್ಲಿ? ಎನ್‌ಎಬಿಎಚ್ ಮಾನ್ಯತೆಗೆ ಕಾಗದ ಜೋಡಿಸಲು, ಆಯುಷ್ಮಾನ್ ಕ್ಲೇಮು ಯಾಕೆ ವಾಪಸ್ಸು ಬಂತೆಂದು ತಿಳಿಯಲು ಸಣ್ಣ ಆಸ್ಪತ್ರೆಯವರು ಕನ್ಸಲ್ಟೆಂಟರ ಬಾಗಿಲು ಕಾಯುತ್ತಾರೆ. ಅದನ್ನು ಸಂಘವೇ ಕಲಿಸಬಹುದೆಂದು ಎಂಬಿಎ ಓದಿದವನಿಗೆ ಹೊಳೆಯಲಿಲ್ಲವೇ? ಪಿಪಿಟಿ ಕಲಿಸಿದವರು ಜಿಲ್ಲೆ ಸುತ್ತುವುದನ್ನು ಕಲಿಸಲಿಲ್ಲವೇ?

ಮಾತು ಖಾರವಾಯಿತೇನೋ. ಹಗಲು ಆಸ್ಪತ್ರೆ, ರಾತ್ರಿ ಸಂಘದ ಕೆಲಸ, ಊಟಕ್ಕೆ ಹೊತ್ತುಗೊತ್ತಿಲ್ಲ ಎಂದು ಅಕ್ಕ ಫೋನಿನಲ್ಲಿ ಅಲವತ್ತುಕೊಂಡಳು. ಮೊದಲು ಹೊತ್ತಿಗೆ ಸರಿಯಾಗಿ ಉಣ್ಣು. ಸರ್ವಸದಸ್ಯರ ಸಭೆಗೆ ಮುಂಚೆ ಎರಡು ಜಿಲ್ಲೆಗಳಲ್ಲಾದರೂ ಬಿಲ್ಲಿಂಗ್ ಕೌಂಟರಿನವರನ್ನು ಕೂರಿಸಿಕೊಂಡು ಅವರಿಗೇನು ಬೇಕೆಂದು ಕೇಳು. ತಿದ್ದಿದ ಕರಡಿನ ಜೊತೆ ಬಜೆಟ್ ಹಾಳೆಯನ್ನೂ ಕಳಿಸು. ಈ ಸಲ ಅದು ಬಂದೇ ಇಲ್ಲ.

ಇತಿ,
ನಿನ್ನ ಸೋದರಮಾವ