ತೆರೆಕಂಡ ವರ್ಷ ಯಾವುದು?

ಹಳೆಯ ವೈಜ್ಞಾನಿಕ ಕಲ್ಪನೆಯ ಸಿನಿಮಾಗಳನ್ನು ಕಾಲೇಜು ಮಕ್ಕಳಿಗೆ ತೋರಿಸಿ, ಆಮೇಲೆ ಕೂತು ಮಾತಾಡುವುದು ನಾನು ಬಹಳ ಕಾಲದಿಂದ ಮಾಡಿಕೊಂಡು ಬಂದ ಕೆಲಸ. ಸಿನಿಮಾಶಾಸ್ತ್ರ ಓದಿದವನಲ್ಲ. ನೋಡಿದವರ ಮಾತು ಕೇಳುತ್ತ ತಿಳಿದದ್ದು ಇಷ್ಟು.

1. ಭವಿಷ್ಯ ನಿಜವಾಯಿತೇ ಎಂದು ಲೆಕ್ಕ ಹಾಕಬೇಡಿ.

ಮೊದಮೊದಲು ನಾನು ಅದನ್ನೇ ಮಾಡಿಸುತ್ತಿದ್ದೆ. ‘ಸಾಯ್ಲೆಂಟ್ ಗ್ರೀನ್’ 1973ರ ಚಿತ್ರ. ಕತೆ ನಡೆಯುವುದು 2022ರ ನ್ಯೂಯಾರ್ಕಿನಲ್ಲಿ. ಯಾವುದು ಸರಿಹೋಯಿತು, ಯಾವುದು ತಪ್ಪಿತು ಎಂದು ಪಟ್ಟಿ ಮಾಡುವ ಭರದಲ್ಲಿ, ಮೆಟ್ಟಿಲ ಮೇಲೆಲ್ಲ ಒತ್ತಿಕೊಂಡು ಮಲಗಿದ ಜನರನ್ನು ನಾವು ಯಾರೂ ಸರಿಯಾಗಿ ನೋಡುತ್ತಲೇ ಇರಲಿಲ್ಲ. ಜನಸಂಖ್ಯೆಯನ್ನೇ ಬಾಂಬ್ ಎಂದು ಕರೆದ ಪಾಲ್ ಎರ್ಲಿಕ್ ಅವರ ಪುಸ್ತಕ ಬಂದದ್ದು 1968ರಲ್ಲಿ. ಆ ಹೆದರಿಕೆ ಹೊತ್ತಿದ್ದ ಅಮೆರಿಕ ಆ ಮೆಟ್ಟಿಲ ಮೇಲಿದೆ.

2. ಆ ವರ್ಷದ ಸುದ್ದಿ ಓದಿಕೊಂಡು ಕೂರಿ.

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅಪಾಯದ ವಲಯವೆಂದು ಸಾರಿದ್ದ ಗೆರೆಯ ಹೊರಗಿದ್ದ ಜಪಾನಿನ ಮೀನುಗಾರಿಕೆ ದೋಣಿ ‘ದೈಗೊ ಫುಕುರ್ಯು ಮಾರು’ ಮೇಲೆ ವಿಕಿರಣದ ಬೂದಿ ಸುರಿಯಿತು. ದೋಣಿಯಲ್ಲಿದ್ದವರು 23 ಮಂದಿ. ರೇಡಿಯೊ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮಾ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ವಿಕಿರಣ ತಗುಲಿದ ಟ್ಯೂನಾ ಮೀನನ್ನು ಎಸೆಯಬೇಕಾಯಿತು. ಇಶಿರೊ ಹೊಂಡಾ ಅವರ ‘ಗಾಡ್ಜಿಲ್ಲಾ’ ನವೆಂಬರಿನಲ್ಲಿ ತೆರೆಕಂಡಿತು. ಶುರುವಿನಲ್ಲೇ ಒಂದು ದೋಣಿ, ಕಣ್ಣು ಕೋರೈಸುವ ಬೆಳಕು, ಬೆಂಕಿ. ರೈಲಿನಲ್ಲಿ ಕೂತ ಹೆಂಗಸೊಬ್ಬಳು ತಾನು ನಾಗಸಾಕಿಯಿಂದ ಬದುಕಿ ಬಂದವಳೆಂದು ಆಡುವ ಮಾತೂ ಇದೆ. ಇಷ್ಟನ್ನು ಮೊದಲೇ ಹೇಳಿ ತೋರಿಸಿದ ದಿನ, ಗಾಡ್ಜಿಲ್ಲಾ ಎಂಬ ದೈತ್ಯ ಪ್ರಾಣಿಯ ಬೊಂಬೆವೇಷ ಕಂಡು ಯಾರೂ ನಗಲಿಲ್ಲ. ಆಸ್ಪತ್ರೆಯಲ್ಲಿ ಮಗುವಿಗೆ ವಿಕಿರಣ ಅಳೆಯುವ ಯಂತ್ರ ಹಿಡಿಯುವಾಗ ಕೆಲವರು ಅತ್ತರು.

3. ಯಾವ ಪ್ರತಿ ಎಂದು ವಿಚಾರಿಸಿ.

ಅದಕ್ಕೂ ಮುಂಚೆ ನಾನು ತೋರಿಸುತ್ತಿದ್ದದ್ದು ‘ಗಾಡ್ಜಿಲ್ಲಾ’ದ ಸುಲಭವಾಗಿ ಸಿಕ್ಕ 1956ರ ಅಮೆರಿಕನ್ ಪ್ರತಿ. ಅದರಲ್ಲಿ ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನಾಗಿ ಸೇರಿಸಿದ್ದಾರೆ. ನಾಗಸಾಕಿಯ ಮಾತನ್ನು ತೆಗೆದಿದ್ದಾರೆ. ಬಾಂಬ್ ಪರೀಕ್ಷೆ ಮುಂದುವರಿದರೆ ಇನ್ನೊಂದು ಗಾಡ್ಜಿಲ್ಲಾ ಬಂದೀತೆಂಬ ಕೊನೆಯ ಎಚ್ಚರಿಕೆಯೂ ಇಲ್ಲ. ಬಾಂಬ್ ಹಾಕಿದ ದೇಶ ಏನನ್ನು ಕೇಳಿಸಿಕೊಳ್ಳಲು ಸಿದ್ಧವಿರಲಿಲ್ಲ ಎಂಬುದಕ್ಕೆ ಈ ಕತ್ತರಿಯೇ ಸಾಕ್ಷಿ. ಈಗ ಎರಡನ್ನೂ ತೋರಿಸುತ್ತೇನೆ.

4. ಒಂದೇ ಅರ್ಥಕ್ಕೆ ಗಂಟು ಹಾಕಬೇಡಿ.

1956ರ ‘ಇನ್ವೇಶನ್ ಆಫ್ ದ ಬಾಡಿ ಸ್ನ್ಯಾಚರ್ಸ್’ನಲ್ಲಿ ಊರಿನವರ ಜಾಗಕ್ಕೆ ಅವರಂತೆಯೇ ಕಾಣುವ, ಭಾವನೆಯೇ ಇಲ್ಲದವರು ಬರುತ್ತಾರೆ. ಅದು ಕಮ್ಯುನಿಸ್ಟರ ಭಯವೆಂದು ಕೆಲವರು, ಕಮ್ಯುನಿಸ್ಟರನ್ನು ಹುಡುಕಿ ಬೇಟೆಯಾಡಿದವರ ಭಯವೆಂದು ಕೆಲವರು. ಎರಡೂ ಭಯ ಆಗ ಒಂದೇ ಬೀದಿಯಲ್ಲಿದ್ದವು. ನಾನು ತೀರ್ಪು ಕೊಡುವುದನ್ನು ಬಿಟ್ಟೆ.

5. ಚಿತ್ರ ಪ್ರಶ್ನಿಸದೆ ಒಪ್ಪಿಕೊಂಡದ್ದನ್ನು ನೋಡಿ.

‘2001: ಎ ಸ್ಪೇಸ್ ಒಡಿಸ್ಸಿ’ ಬಂದದ್ದು 1968ರಲ್ಲಿ. ಚಂದ್ರನಿಗೆ ಹೋಗುವ ನೌಕೆಯಲ್ಲಿ ಊಟ ಕೊಡುವವರು ಹೆಣ್ಣುಮಕ್ಕಳು. ಗುರುಗ್ರಹಕ್ಕೆ ಹೊರಟ ಗಗನಯಾತ್ರಿಗಳೆಲ್ಲ ಗಂಡಸರು. ಆದರೆ ಸೋವಿಯತ್ ವಿಜ್ಞಾನಿಗಳ ಗುಂಪಿನಲ್ಲಿ ಮಹಿಳೆಯರಿದ್ದಾರೆ. ಸೋವಿಯತ್ ಗಗನಯಾತ್ರಿ ತೆರೆಷ್ಕೋವಾ 1963ರಲ್ಲೇ ಬಾಹ್ಯಾಕಾಶಕ್ಕೆ ಹೋಗಿಬಂದಿದ್ದರು. ನಾಸಾ ಗಗನಯಾತ್ರಿಗಳ ಪಟ್ಟಿಗೆ ಮಹಿಳೆಯರನ್ನು ಸೇರಿಸಿಕೊಂಡದ್ದು 1978ರಲ್ಲಿ. ಇದನ್ನು ಮೊದಲು ಗಮನಿಸಿ ಹೇಳಿದವಳು ಎಂಜಿನಿಯರಿಂಗ್ ಓದುತ್ತಿದ್ದ ಹುಡುಗಿ. ಆ ಸಂಜೆ ಮಾತು ಅವಳ ಪ್ರಶ್ನೆಯ ಸುತ್ತಲೇ ನಡೆಯಿತು. ಮುಂದಿನ ಚಿತ್ರವನ್ನು ಅವಳೇ ಆರಿಸಿದಳು.