ಶಾಲು ಹೊದಿಸುವ ಮೊದಲು ಪಹಣಿ ನೋಡಿ

ಅಕ್ಟೋಬರ್ 15 ಬಂದರೆ ರಾಷ್ಟ್ರೀಯ ಮಹಿಳಾ ಕಿಸಾನ್ ದಿನ. ಸಾಲದ್ದಕ್ಕೆ 2026ನ್ನು ವಿಶ್ವಸಂಸ್ಥೆ ರೈತ ಮಹಿಳೆಯರ ವರ್ಷವೆಂದು ಸಾರಿದೆ. ಹಾರ, ಶಾಲು, ಫಲತಾಂಬೂಲಕ್ಕೆ ಬರವಿಲ್ಲ. ಆದರೆ ನಾಟಿಗೂ ಕಳೆಗೂ ಬೆನ್ನು ಬಗ್ಗಿಸುವವರು ಹೆಂಗಸರೇ ಆದರೂ, 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಅವರು ನೂರಕ್ಕೆ ಸುಮಾರು 14 ಮಾತ್ರ. ನಿಮ್ಮೂರಿನಲ್ಲಾದರೂ ಇದು ಬದಲಾಗಬೇಕೆ? ಹೀಗೆ ಮಾಡಿ.

1. ಹೆಸರು ಪಹಣಿಗೆ ಏರಲಿ. ಬೆಳೆಸಾಲ, ವಿಮೆ, ಪರಿಹಾರ ಯಾವುದಕ್ಕೆ ಹೋದರೂ ಮೊದಲು ಕೇಳುವುದು ಅದನ್ನೇ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಅದಕ್ಕೆ ಮೊದಲು ಮದುವೆಯಾದವರು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ಆಗ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಡೆಯುವುದೇ ಬೇರೆ. ತಿಥಿ ಮುಗಿದು ಸ್ವಲ್ಪ ದಿನಕ್ಕೆ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಅರಿಶಿನ-ಕುಂಕುಮಕ್ಕೆಂದು ಒಂದು ಸೀರೆ ಕೊಡುತ್ತಾರೆ. ಬೇಡ ಅಂದರೆ ತವರೇ ತಪ್ಪೀತೆಂಬ ಅಂಜಿಕೆ ಆಕೆಗೆ. ಆ ಹೊತ್ತಿನಲ್ಲಿ ಪತ್ರ ಓದಿ ಹೇಳುವವರೊಬ್ಬರು ಜೊತೆಗಿರಲಿ. ಗಂಡ ತೀರಿಕೊಂಡ ಮನೆಯಲ್ಲಿ ಪೌತಿ ಖಾತೆ ಮಾಡಿಸಲು ತಡಮಾಡಬೇಡಿ.

2. ಡೇರಿ ಪುಸ್ತಕ ಯಾರ ಹೆಸರಲ್ಲಿದೆ? ಹುಲ್ಲು ಹಾಕಿ, ಸಗಣಿ ಬಾಚಿ, ಹಾಲು ಕರೆಯುವವಳು ಅವಳು. ಸದಸ್ಯತ್ವ, ಮತ, ಬಟವಾಡೆ ಅವನದು. ಷೇರು ಅವಳ ಹೆಸರಿಗೇ ಆಗಲಿ. ಮುಂದೆ ನಿರ್ದೇಶಕ ಸ್ಥಾನಕ್ಕೂ ನಿಂತಾಳು.

3. ಹಾಲು ಕರೆಯುವ ಹೊತ್ತಿಗೆ ಸಭೆ ಕರೆಯಬೇಡಿ. ಕರೆದು, ಆಮೇಲೆ "ಹೆಂಗಸರು ಬರೋದೇ ಇಲ್ಲ ಸ್ವಾಮಿ" ಎನ್ನಬೇಡಿ.

4. ಅಧ್ಯಕ್ಷೆಯ ಕುರ್ಚಿಯಲ್ಲಿ ಅಧ್ಯಕ್ಷೆಯೇ ಕೂರಲಿ. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. "ಅಧ್ಯಕ್ಷರ ಯಜಮಾನರು" ಎಂಬ ಹುದ್ದೆ ಯಾವ ಕಾಯ್ದೆಯಲ್ಲೂ ಇಲ್ಲ. ಅರ್ಜಿ ಹಿಡಿದು ನೀವು ಹೋಗುವುದು ಯಾರ ಬಳಿಗೆ, ಅದನ್ನೂ ನೋಡಿಕೊಳ್ಳಿ.

5. ಸಂಘ ಸಾಲದ ಕಂತಿಗಷ್ಟೇ ಸೀಮಿತವಾಗದಿರಲಿ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಂಗಸರು ಸಿರಿಧಾನ್ಯದ ಬೀಜ ಬ್ಯಾಂಕ್ ಕಟ್ಟಿದರು, ಸಂಸ್ಕರಣಾ ಘಟಕ ನಡೆಸಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಆ ಊರಿಗೆ ಬಂತು. ಬೀಜ ಕೈಯಲ್ಲಿದ್ದವಳ ಮಾತಿಗೆ ಬೆಲೆಯೇ ಬೇರೆ. ಯಾವ ಬೆಳೆ ಇಡಬೇಕೆಂದು ಊರವರು ಅವಳನ್ನೇ ಕೇಳಬೇಕಾಗುತ್ತದೆ.

6. ಕೂಲಿ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಎಂಬ ಎರಡು ದರ ಒಂದೇ ಕೆಲಸಕ್ಕೆ ಸಲ್ಲದೆಂದು 1976ರಲ್ಲೇ ಕಾನೂನು ಬಂತು. ಊರೊಟ್ಟಿನ ತೀರ್ಮಾನಕ್ಕೆ ಕಾಯಬೇಡಿ. ಈ ಸಲದ ಕುಯ್ಲಿಗೆ ನಿಮ್ಮ ಹೊಲದಲ್ಲಿ ಒಂದೇ ದರ ಕೊಡಿ. ಪಕ್ಕದ ಹೊಲದವರು ಜಗಳಕ್ಕೆ ಬಂದೇ ಬರುತ್ತಾರೆ, ಬರಲಿ.