ವ್ಯಾಯಾಮದ ಗುರುವನ್ನು ಒರೆಗೆ ಹಚ್ಚುವ ಬಗೆ

ಹಿಂದೆ ಗರಡಿಮನೆಯ ಉಸ್ತಾದನ ಯೋಗ್ಯತೆಯನ್ನು ಯಾರೂ ಬೇರೆಯಾಗಿ ಪರೀಕ್ಷಿಸಬೇಕಾಗಿರಲಿಲ್ಲ. ಅವನ ಶಿಷ್ಯರನ್ನು ಊರೇ ಕಣ್ಣಾರೆ ಕಾಣುತ್ತಿತ್ತು. ಇಂದು ನಗರಗಳಲ್ಲಿ ಜಿಮ್‌ಗಳು ಹೆಚ್ಚಿವೆ. ತಿಂಗಳ ಶುಲ್ಕ ಪಡೆದು ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಪಾಠ ಹೇಳುವ ‘ಪರ್ಸನಲ್ ಟ್ರೈನರ್’ಗಳೂ ದೊರೆಯುತ್ತಾರೆ. ವಿದ್ಯಾರ್ಥಿಗಳು ಮನೆಯಿಂದ ಬಂದ ಹಣದಲ್ಲಿ ಉಳಿಸಿ ಇವರಿಗೆ ಕೊಡುವುದುಂಟು. ಹಣ ಹೋದರೆ ಮತ್ತೆ ಬಂದೀತು; ಬೆನ್ನುಮೂಳೆಗೆ ಪೆಟ್ಟಾದರೆ ಅಷ್ಟು ಸುಲಭವಲ್ಲ. ಆದುದರಿಂದ ಇಂತಹ ಗುರುವನ್ನು ಒರೆಗೆ ಹಚ್ಚುವುದು ಹೇಗೆಂಬುದನ್ನು ವಿಚಾರಿಸೋಣ. ಇದಕ್ಕೆ ಬೇಕಾದ ಭೌತವಿಜ್ಞಾನವು ಪ್ರೌಢಶಾಲೆಯ ಪುಸ್ತಕದಲ್ಲಿಯೇ ಇದೆ.

“ಒಂದೇ ವಾರದಲ್ಲಿ 5 ಕಿಲೋಗ್ರಾಂ ಕೊಬ್ಬು ಕರಗಿಸುತ್ತೇನೆ” ಎಂದು ಒಬ್ಬನು ಆಶ್ವಾಸನೆ ಕೊಟ್ಟನೆನ್ನಿ. ನಮ್ಮ ದೇಹದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. ಐದಕ್ಕೆ 38,500, ದಿನವೊಂದಕ್ಕೆ 5,500. ಸಾಧಾರಣ ಮೈಕಟ್ಟಿನ ತರುಣನು ದಿನವಿಡೀ ವ್ಯಯಿಸುವ ಶಕ್ತಿಯಾದರೋ 2,000ದಿಂದ 3,000 ಕಿಲೋಕ್ಯಾಲೊರಿ ಮಾತ್ರ. ಪೂರಾ ಉಪವಾಸವಿದ್ದರೂ ಲೆಕ್ಕ ಕೂಡುವುದಿಲ್ಲ! ತಕ್ಕಡಿಯ ಮುಳ್ಳು ಅಷ್ಟು ಇಳಿದರೆ, ಹೋದುದರಲ್ಲಿ ಹೆಚ್ಚಿನದು ನೀರು.

ಇನ್ನೊಂದು ಲೆಕ್ಕವನ್ನೂ ನೋಡೋಣ. 60 ಕಿಲೋಗ್ರಾಂ ತೂಕದವನು 10 ಮೀಟರ್ ಎತ್ತರಕ್ಕೆ ಮೆಟ್ಟಿಲು ಹತ್ತಿದರೆ ಆಗುವ ಕೆಲಸ 60 × 9.8 × 10, ಎಂದರೆ 5,880 ಜೂಲ್, ಸುಮಾರು 1.4 ಕಿಲೋಕ್ಯಾಲೊರಿ. ಮಾಂಸಖಂಡಗಳು ಶಕ್ತಿಯ ಕಾಲು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸಬಲ್ಲವಾದುದರಿಂದ ಖರ್ಚು 5.6 ಎಂದಿಟ್ಟುಕೊಳ್ಳೋಣ. ಒಂದು ಇಡ್ಲಿಯಲ್ಲಿ ಸುಮಾರು 50 ಕಿಲೋಕ್ಯಾಲೊರಿ ಇದ್ದರೆ ಅದಕ್ಕಾಗಿ ಒಂಬತ್ತು ಸಲ ಹತ್ತಬೇಕಾಯಿತು. ಊಟದ ವಿಷಯವನ್ನೇ ಎತ್ತದೆ ಬೆವರಿನಿಂದಲೇ ಮೈ ಇಳಿಸುವೆನೆನ್ನುವವನು ಈ ಲೆಕ್ಕವನ್ನು ಮಾಡಿಲ್ಲವೆಂದು ತಿಳಿಯಬಹುದು.

ಎರಡನೆಯದು ಸನ್ನೆಯ ತತ್ತ್ವ. ಮುಂಗೈ ಮೂರನೆಯ ವರ್ಗದ ಸನ್ನೆ. ಮೊಣಕೈ ಕೀಲು ಅದರ ಆಧಾರಬಿಂದು. ಅಂಗೈಯಲ್ಲಿರುವ 5 ಕಿಲೋಗ್ರಾಂ ಗುಂಡು ಕೀಲಿನಿಂದ 35 ಸೆಂಟಿಮೀಟರ್ ದೂರದಲ್ಲಿಯೂ, ಎಳೆಯುವ ಮಾಂಸಖಂಡವು 4 ಸೆಂಟಿಮೀಟರ್ ದೂರದಲ್ಲಿಯೂ ಇದ್ದರೆ, ಆ ಮಾಂಸಖಂಡವು ಸುಮಾರು 44 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲವನ್ನು ಹಾಕಬೇಕು. ಬೆನ್ನಿನ ಸ್ಥಿತಿ ಇನ್ನೂ ಕಠಿನ. ಬೆನ್ನಿನ ಮಾಂಸಖಂಡಗಳು ಕಶೇರುಗಳ ನಡುವಿನಿಂದ ಕೇವಲ 5 ಸೆಂಟಿಮೀಟರಿನಷ್ಟು ದೂರದಲ್ಲಿವೆ. 20 ಕಿಲೋಗ್ರಾಂ ಭಾರವನ್ನು 40 ಸೆಂಟಿಮೀಟರ್ ಮುಂದಕ್ಕೆ ಹಿಡಿದರೆ ಅವು 160 ಕಿಲೋಗ್ರಾಂನಷ್ಟು ಎಳೆಯಬೇಕು. ಬಾಗಿದ ಮುಂಡದ ಭಾರವನ್ನು ಇದಕ್ಕೆ ಸೇರಿಸಿಲ್ಲ. ಅದೇ ಭಾರವನ್ನು 20 ಸೆಂಟಿಮೀಟರಿಗೆ ತಂದರೆ ಹೊರೆ ಅರ್ಧವಾಗುತ್ತದೆ. “ಭಾರವನ್ನು ಮೈಗೆ ಹತ್ತಿರ ಏಕೆ ಹಿಡಿಯಬೇಕು?” ಎಂದು ಶಿಕ್ಷಕನನ್ನು ಕೇಳಿ ನೋಡಿ. ಸಮೀಕರಣ ಬೇಕಿಲ್ಲ, ಕಾರಣವನ್ನು ತನ್ನ ಮಾತಿನಲ್ಲಿ ಹೇಳಿದರೆ ಸಾಕು. ಹಳೆಯ ಉಸ್ತಾದರು ಇದನ್ನು ಲೆಕ್ಕವಿಲ್ಲದೆಯೇ ಬಲ್ಲವರಾಗಿದ್ದರು.

ಒಳ್ಳೆಯ ಶಿಕ್ಷಕನು ತಾನೂ ಪ್ರಶ್ನೆ ಕೇಳುತ್ತಾನೆ: ಹಿಂದೆ ಪೆಟ್ಟಾಗಿತ್ತೆ, ಎದೆನೋವು ಉಂಟೆ, ಉಬ್ಬಸವೆ, ಯಾವ ಔಷಧಿ? ಏನನ್ನೂ ಕೇಳದೆ ಮೊದಲ ದಿನವೇ ಕಬ್ಬಿಣ ಎತ್ತಿಸುವವನನ್ನು ನಾವು ನಂಬಲಾರೆವು. ಪ್ರಮಾಣಪತ್ರವಿದ್ದರೆ ಅದು ಎಷ್ಟು ದಿನಗಳ ಶಿಕ್ಷಣದ ಫಲವೆಂದು ನೋಡಬೇಕು. ವಾರಾಂತ್ಯದ ತರಗತಿಯೂ ವಿಶ್ವವಿದ್ಯಾನಿಲಯದ ದೈಹಿಕ ಶಿಕ್ಷಣ ಪದವಿಯೂ ಒಂದೇ ಅಲ್ಲ. ಇನ್ನು ಮಾಂಸಖಂಡ ಬೇಗ ಬೆಳೆಯಲೆಂದು ಸ್ಟೀರಾಯ್ಡ್ ಚುಚ್ಚುಮದ್ದಿನ ಮಾತೆತ್ತಿದರೆ ಅಲ್ಲಿಂದಲೇ ಹಿಂದಿರುಗುವುದು ಲೇಸು. ಅದು ಹೃದಯಕ್ಕೂ ಯಕೃತ್ತಿಗೂ ಕೇಡು ಮಾಡಬಲ್ಲುದು.

ದೂರದಿಂದ ಕಲಿಸುವುದು ಹೊಸತೇನಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ, ‘ಶಾಂತಲಾ’ ಕಾದಂಬರಿಯ ಕರ್ತೃ ಕೆ.ವಿ. ಅಯ್ಯರ್ ಅವರು ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳುಹಿಸುತ್ತಿದ್ದರು. ಈಗ ಆ ಕೆಲಸವನ್ನು ಮೊಬೈಲು ಮಾಡುತ್ತಿದೆ. ಆದರೆ ಎದುರಿಗಿಟ್ಟ ಕ್ಯಾಮರಾಕ್ಕೆ ಬೆನ್ನಿನ ಬಾಗು ಕಾಣದು. ಅದನ್ನು ಪಕ್ಕದಲ್ಲಿರಿಸಲು ಹೇಳುವ ಶಿಕ್ಷಕನಾದರೆ ವಾಸಿ.

ವರ್ಷದ ಶುಲ್ಕವನ್ನು ಒಮ್ಮೆಗೇ ಕೊಡಲಾಗದು. ಒಂದು ತಿಂಗಳಿನದು ಸಾಕು. ಆ ತಿಂಗಳು ಒಂದು ನೋಟುಪುಸ್ತಕದಲ್ಲಿ, ಬೆಳಗ್ಗೆ ಒಂದೇ ಹೊತ್ತಿನಲ್ಲಿ, ಒಂದೇ ತಕ್ಕಡಿಯಲ್ಲಿ ತೂಗಿದ ತೂಕವನ್ನೂ, ಎದ್ದೊಡನೆಯ ನಾಡಿಬಡಿತವನ್ನೂ, ಎತ್ತಿದ ಭಾರವನ್ನೂ ಬರೆದಿಡಿ. ಮುಂದಿನ ತಿಂಗಳ ಶುಲ್ಕದ ಮಾತನ್ನು ಆ ಪುಸ್ತಕವನ್ನು ಮುಂದಿಟ್ಟುಕೊಂಡೇ ಆಡಬಹುದು.